ಮೆದುಳಿನ ಊತಕ್ಕೆ ಮದ್ದು: ಹಣ ಹಾಕುವವರು ಯಾರು?

ನಿಮ್ಮ ಮನೆಯಲ್ಲಿ ಹಳೆಯ ಶುಗರ್ ಪೇಷೆಂಟ್ ಇದ್ದರೆ ಗ್ಲಿಬೆನ್‌ಕ್ಲಮೈಡ್ ಎಂಬ ಮಾತ್ರೆಯ ಹೆಸರು ಕೇಳಿರಬಹುದು. ಡಯೋನಿಲ್ ಅಂದರೆ ಇನ್ನೂ ಬೇಗ ಗೊತ್ತಾಗುತ್ತದೆ. 1960ರ ದಶಕದ ಅಗ್ಗದ ಮಾತ್ರೆ, ಪೇಟೆಂಟ್ ಎಂದೋ ಮುಗಿದಿದೆ. ಲಕ್ವ ಹೊಡೆದವರ ಮೆದುಳಿನ ಊತವನ್ನು ಈ ಔಷಧ ತಡೆಯಬಹುದೇ ಎಂದು ಸುಮಾರು ಎರಡು ದಶಕ ಸಂಶೋಧನೆ ನಡೆದಿದೆ. ಅದರ ಕಥೆ ತಿಳಿದರೆ, ಹೊಸ ಮದ್ದು ಯಾಕೆ ಇಷ್ಟು ತಡವಾಗಿ ಬರುತ್ತದೆ ಅನ್ನುವುದೂ ಅರ್ಥವಾಗುತ್ತದೆ.

ಮೊದಲು ಊತದ ವಿಷಯ. ಮೆದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡರೆ ಆ ಭಾಗದ ಜೀವಕೋಶಗಳಿಗೆ ಆಮ್ಲಜನಕ ಸಿಗುವುದಿಲ್ಲ. ಅವುಗಳೊಳಗೆ ಸೋಡಿಯಂ ನುಗ್ಗುತ್ತದೆ, ಅದರ ಹಿಂದೆಯೇ ನೀರು. ಎರಡರಿಂದ ಐದು ದಿನಗಳಲ್ಲಿ ಊತ ಹೆಚ್ಚುತ್ತದೆ. ಕೈಕಾಲು ಊದಿಕೊಂಡರೆ ಚರ್ಮ ಹಿಗ್ಗುತ್ತದೆ, ತಲೆಬುರುಡೆ ಹಿಗ್ಗುತ್ತದೆಯೇ? ಊದಿದ ಭಾಗ ಪಕ್ಕದ ಆರೋಗ್ಯವಂತ ಭಾಗವನ್ನೇ ಒತ್ತಿ, ಉಸಿರಾಟದ ಕೇಂದ್ರದವರೆಗೂ ತಲುಪುತ್ತದೆ.

ಇದಕ್ಕೆ ವೈದ್ಯರ ಬಳಿ ಇರುವುದೇನು? ಮ್ಯಾನಿಟಾಲ್, ಗಾಢ ಉಪ್ಪಿನ ದ್ರಾವಣ. ಇವು ಸ್ವಲ್ಪ ಕಾಲಾವಕಾಶ ಕೊಡುತ್ತವೆ, ಅಷ್ಟೆ. ಇನ್ನೊಂದು ದಾರಿ, ತಲೆಬುರುಡೆಯ ಒಂದು ಭಾಗವನ್ನು ತೆಗೆದು ಮೆದುಳಿಗೆ ಜಾಗ ಮಾಡುವ ಶಸ್ತ್ರಚಿಕಿತ್ಸೆ. ಯುರೋಪಿನ ಮೂರು ಪ್ರಯೋಗಗಳನ್ನು ಒಟ್ಟುಗೂಡಿಸಿದ 2007ರ ವರದಿಯಂತೆ, 60 ವರ್ಷದೊಳಗಿನವರಿಗೆ 48 ಗಂಟೆಯೊಳಗೆ ಹೀಗೆ ಮಾಡಿದಾಗ, ವರ್ಷದ ನಂತರ ಬದುಕುಳಿದವರ ಪ್ರಮಾಣ ಶೇ. 29ರಿಂದ 78ಕ್ಕೆ ಏರಿತು. ಆದರೆ ಉಳಿದವರಲ್ಲಿ ಅನೇಕರು ಇನ್ನೊಬ್ಬರ ಆಸರೆಯಲ್ಲೇ ಬದುಕಬೇಕಾಯಿತು.

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ನರಶಸ್ತ್ರತಜ್ಞ ಜೆ. ಮಾರ್ಕ್ ಸಿಮಾರ್ಡ್ ತಂಡ ಬೇರೊಂದು ದಾರಿ ಕಂಡಿತು. ಪೆಟ್ಟಾದ ಮೆದುಳಿನ ಕೋಶಗಳಲ್ಲಿ ಹೊಸದಾಗಿ ಒಂದು ಬಾಗಿಲು ತೆರೆದುಕೊಳ್ಳುತ್ತದೆ, ಸೋಡಿಯಂ ಒಳಬರುವುದು ಅದರ ಮೂಲಕ. ಆ ಬಾಗಿಲಿನ ಒಂದು ಭಾಗ ಸರ್-1 ಎಂಬ ಪ್ರೋಟೀನ್. ಶುಗರ್ ಮಾತ್ರೆ ಮೇದೋಜೀರಕ ಗ್ರಂಥಿಯಲ್ಲಿ ಹಿಡಿಯುವುದೂ ಇದೇ ಪ್ರೋಟೀನನ್ನು! 2006ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಲ್ಲಿ ಊತ ಕಡಿಮೆಯಾಯಿತು.

ಇಲ್ಲಿಯವರೆಗೆ ಸರ್ಕಾರದ ಅನುದಾನ ಸಾಕು. ಮನುಷ್ಯರ ಮೇಲೆ ಪರೀಕ್ಷಿಸಬೇಕಾದರೆ? ಲಕ್ವ ಹೊಡೆದವರಿಗೆ ಮಾತ್ರೆ ನುಂಗಲು ಆಗದಿರಬಹುದು, ರಕ್ತನಾಳಕ್ಕೆ ಹನಿಹನಿಯಾಗಿ ಕೊಡುವ ರೂಪ ಬೇಕು. ನೂರಾರು ರೋಗಿಗಳು, ಹತ್ತಾರು ಆಸ್ಪತ್ರೆಗಳು, ಕೋಟಿಗಟ್ಟಲೆ ಖರ್ಚು. ಯಾರು ಬೇಕಾದರೂ ತಯಾರಿಸಬಹುದಾದ ಹಳೆಯ ಔಷಧಕ್ಕೆ ಅಷ್ಟು ಹಣ ಸುರಿಯುವವರು ಕಡಿಮೆ. ರೆಮಿಡಿ ಫಾರ್ಮಾಸ್ಯುಟಿಕಲ್ಸ್ ಎಂಬ ಸಣ್ಣ ಕಂಪನಿ ಈ ಹೊಸ ರೂಪವನ್ನು ಮುಂದಕ್ಕೆ ತಂದಿತು. 2016ರಲ್ಲಿ ಹೊರಬಂದ ಅದರ ಸಣ್ಣ ಪ್ರಯೋಗ ಮುಖ್ಯ ಗುರಿ ಮುಟ್ಟಲಿಲ್ಲ. ಆದರೂ ಊತ ಕಡಿಮೆಯಾದ ಸುಳಿವು ಸಿಕ್ಕಿತು. ಅದನ್ನು ನಂಬಿ ಬಯೋಜೆನ್ ಕಂಪನಿ 2017ರಲ್ಲಿ 12 ಕೋಟಿ ಡಾಲರ್ ಮುಂಗಡ ಕೊಟ್ಟು ಔಷಧವನ್ನು ಕೊಂಡಿತು.

ಮುಂದಿನ ದೊಡ್ಡ ಪ್ರಯೋಗದ ಹೆಸರು ಚಾರ್ಮ್. ಕೋವಿಡ್‌ನಿಂದಾಗಿ ರೋಗಿಗಳ ಸೇರ್ಪಡೆ ನಿಧಾನವಾಯಿತು. 535 ಜನ ಸೇರಿದ ಮೇಲೆ, 2023ರಲ್ಲಿ ಕಂಪನಿಯೇ ಅದನ್ನು ಅರ್ಧಕ್ಕೆ ನಿಲ್ಲಿಸಿತು. ಔಷಧ ಅಪಾಯಕಾರಿ ಅಂತ ಅಲ್ಲ, ತನ್ನ ವ್ಯವಹಾರದ ಲೆಕ್ಕಾಚಾರದಿಂದ. 2024ರ ವರದಿಯಲ್ಲಿ ಒಟ್ಟಾರೆ ಪ್ರಯೋಜನ ಕಾಣಲಿಲ್ಲ. ಹಾನಿ ತೀರಾ ದೊಡ್ಡದಲ್ಲದ ರೋಗಿಗಳಲ್ಲಿ ಉಪಯೋಗವಾಗಬಹುದು ಎಂಬ ಸಣ್ಣ ಸುಳಿವು ಮಾತ್ರ ಉಳಿಯಿತು. ಆ ಸುಳಿವು ನಿಜವೋ ಸುಳ್ಳೋ ತಿಳಿಯಲು ಇನ್ನೊಂದು ಪ್ರಯೋಗ ಬೇಕು.

ಲಾಭದ ಲೆಕ್ಕ ಮುಗಿದ ಕಡೆ ಸಾರ್ವಜನಿಕ ಹಣ ಕೆಲಸ ಶುರು ಮಾಡಬೇಕು. ನಮ್ಮ ದೇಶದಲ್ಲೂ ಐಸಿಎಂಆರ್ ನೆರವಿನಿಂದ ಲಕ್ವ ಪ್ರಯೋಗಗಳಿಗಾಗಿಯೇ ಆಸ್ಪತ್ರೆಗಳ ಜಾಲವೊಂದಿದೆ. ಫಾರ್ಮಸಿ, ವೈದ್ಯಕೀಯ, ಅಂಕಿಅಂಶ ಓದುತ್ತಿರುವ ನಮ್ಮ ಮಕ್ಕಳು ಇಂಥ ಕೆಲಸದತ್ತ ನೋಡಬೇಕು.

ಒಂದು ಎಚ್ಚರಿಕೆ. ಲಕ್ವ ಬಂದವರಿಗೆ ಮನೆಯಲ್ಲಿರುವ ಶುಗರ್ ಮಾತ್ರೆ ಕೊಡಬೇಡಿ, ಸಕ್ಕರೆ ಕುಸಿದು ಪ್ರಾಣಕ್ಕೇ ಕುತ್ತಾದೀತು. ಬಾಯಿ ಸೊಟ್ಟಗಾಯ್ತು, ಕೈ ಸೋತಿತು, ಮಾತು ತೊದಲಿತು ಅಂದರೆ ನಾಳೆ ನೋಡೋಣ ಅನ್ನಬೇಡಿ. ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ ಅವಕಾಶ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ. ಊತಕ್ಕೆ ಮದ್ದು ಬರುವವರೆಗೆ, ಊತ ಬಾರದಂತೆ ನೋಡಿಕೊಳ್ಳಲು ನಮಗಿರುವ ಒಳ್ಳೆಯ ದಾರಿ ಅದು.