ಬಿಳಿ ಕೋಟಿನವರೆಲ್ಲ ವೈದ್ಯರಲ್ಲ

ಹವಲ್ಲಿಯ ಇಬ್ನ್ ಖಲ್ದೂನ್ ರಸ್ತೆಯಲ್ಲಿ ಸಾಲುಸಾಲಾಗಿ ಮೊಬೈಲ್ ಮತ್ತು ಕಂಪ್ಯೂಟರ್ ಅಂಗಡಿಗಳಿವೆ. ಅವುಗಳ ಹಿಂದಿನ ಓಣಿಯ ಹಳೆಯ ಕಟ್ಟಡದಲ್ಲಿ ನನ್ನ ವಾಸ. ಕಳೆದ ಚಳಿಗಾಲದ ಒಂದು ನಡುರಾತ್ರಿ ಹೊಟ್ಟೆಯ ಬಲಭಾಗದಲ್ಲಿ ಸಹಿಸಲಾಗದ ನೋವು ಎದ್ದಿತು. ಈ ಗವರ್ನರೇಟಿನ ದೊಡ್ಡ ಸರ್ಕಾರಿ ಆಸ್ಪತ್ರೆ ಜಾಬ್ರಿಯಾದ ಮುಬಾರಕ್ ಅಲ್ ಕಬೀರ್. ಆದರೆ ಕಂಪನಿಯ ವಿಮೆ ಇದ್ದ ಕಾರಣ ಕೋಣೆಯ ಗೆಳೆಯರು ನನ್ನನ್ನು ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದರು. ಪಿತ್ತಕೋಶದಲ್ಲಿ ಕಲ್ಲು, ಜೊತೆಗೆ ಸೋಂಕು. ಮರುದಿನ ಬೆಳಿಗ್ಗೆಯೇ ಶಸ್ತ್ರಚಿಕಿತ್ಸೆ ಎಂದರು. ಗೆಳೆಯರಿಗೆ ಬೆಳಿಗ್ಗೆ ಆರಕ್ಕೆ ಡ್ಯೂಟಿ. ಅವರು ಹೊರಟ ಮೇಲೆ ನಾನೊಬ್ಬನೇ ಉಳಿದೆ.

ನಮ್ಮ ಪುತ್ತೂರಿನ ಕಡೆ ಒಬ್ಬರು ಆಸ್ಪತ್ರೆ ಸೇರಿದರೆ ಅರ್ಧ ಮನೆಯೇ ಅಲ್ಲಿಗೆ ಸ್ಥಳಾಂತರವಾಗುತ್ತದೆ. ಫ್ಲಾಸ್ಕಿನಲ್ಲಿ ಗಂಜಿ ಬರುತ್ತದೆ, ಮಂಚದ ಪಕ್ಕದಲ್ಲಿ ಚಾಪೆ ಬಿಚ್ಚಿಕೊಳ್ಳುತ್ತದೆ, ವೈದ್ಯರು ಏನೆಂದರೆಂದು ನೆನಪಿಟ್ಟುಕೊಳ್ಳಲು ಭಾವನೋ ತಂಗಿಯೋ ಇರುತ್ತಾರೆ. ಇಲ್ಲಿ ನಮ್ಮಂಥ ಬಹುತೇಕರಿಗೆ ಆ ಭಾಗ್ಯವಿಲ್ಲ. 2024ರ ಜನವರಿಯಲ್ಲಿ ಕುಟುಂಬ ವೀಸಾಕ್ಕೆ ಕನಿಷ್ಠ ಸಂಬಳವನ್ನು 800 ದಿನಾರಿಗೆ ಏರಿಸಿದ ಮೇಲಂತೂ ಮಡದಿಯನ್ನು ಕರೆಸಿಕೊಳ್ಳುವ ಮಾತು ನನ್ನ ಪಾಲಿಗೆ ಮುಗಿಯಿತು. ಹಾಗಾಗಿ ಹಾಸಿಗೆ ಹಿಡಿದಾಗ ನಮ್ಮ ಭಾವ, ತಂಗಿ ಎಲ್ಲವೂ ಆಸ್ಪತ್ರೆಯ ಸಿಬ್ಬಂದಿಯೇ. ಅವರಲ್ಲಿ ಯಾರು ಯಾರೆಂಬುದೇ ನನಗೆ ತಿಳಿದಿರಲಿಲ್ಲ.

ನಾಲ್ಕು ವರ್ಷಗಳಿಂದ ನಾನು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಮಾತ್ರೆ ನುಂಗುತ್ತಿದ್ದೇನೆ. ಊರಿನ ವೈದ್ಯರು ಬರೆದುಕೊಟ್ಟದ್ದು; ರಜೆಗೆ ಹೋದಾಗ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬರುತ್ತೇನೆ. ಆ ದಿನ ಮೊದಲು ಬಂದ, ಬಿಳಿ ಕೋಟು ತೊಟ್ಟ ಫಿಲಿಪಿನೋ ಯುವತಿಗೆ ಈ ವಿಷಯವನ್ನು ಹರಕುಮುರುಕು ಇಂಗ್ಲಿಷಿನಲ್ಲಿ ವಿವರವಾಗಿ ಹೇಳಿದೆ. ಆಕೆ ಮುಗುಳ್ನಕ್ಕು, ರಕ್ತ ತೆಗೆದುಕೊಂಡು ಹೊರಟುಹೋದಳು. ಆಕೆ ಪ್ರಯೋಗಾಲಯದವಳು. ರಕ್ತದ ಮಾದರಿ ಒಯ್ಯುವುದಷ್ಟೇ ಅವಳ ಕೆಲಸ, ನನ್ನ ಕಡತದಲ್ಲಿ ಬರೆಯುವುದಲ್ಲ. ಆಮೇಲೆ ಬಂದವರು ನಿಜವಾದ ವೈದ್ಯರು, ಈಜಿಪ್ಟಿನ ರಿಜಿಸ್ಟ್ರಾರ್. ಅವರೂ ಮಾತ್ರೆಗಳ ಬಗ್ಗೆ ಕೇಳಿದರು. ಎಷ್ಟು ಸಲ ಹೇಳುವುದೆಂಬ ಬೇಸರದಲ್ಲಿ ‘ಎಲ್ಲ ಹೇಳಿಯಾಗಿದೆ’ ಎಂದು ಮುಖ ತಿರುಗಿಸಿದೆ. ಅವರೂ ಅವಸರದಲ್ಲಿದ್ದರು. ತಪ್ಪು ನನ್ನದೇ.

ಬ್ರಿಟಿಷ್ ಪದ್ಧತಿಯ ಶ್ರೇಣಿ ಇಲ್ಲಿ ಇಂದಿಗೂ ಉಳಿದಿದೆ: ಅಸಿಸ್ಟೆಂಟ್ ರಿಜಿಸ್ಟ್ರಾರ್, ರಿಜಿಸ್ಟ್ರಾರ್, ಸೀನಿಯರ್ ರಿಜಿಸ್ಟ್ರಾರ್, ಎಲ್ಲರ ಮೇಲೆ ಕನ್ಸಲ್ಟೆಂಟ್. ಬೆಳಗಿನ ಸುತ್ತಿನಲ್ಲಿ ಎಲ್ಲರೂ ಒಟ್ಟಿಗೆ ಬಂದಾಗ ಹೆಚ್ಚು ಮಾತನಾಡುವವರೇ ಹಿರಿಯರೆಂದು ನಾವು ಭಾವಿಸುತ್ತೇವೆ. ಆದರೆ ಎರಡೇ ಮಾತು ಆಡಿ ಹೋಗುವವರ ಕೈಯಲ್ಲಿ ತೀರ್ಮಾನವಿರುತ್ತದೆ. ‘ಮನೆಗೆ ಯಾವಾಗ?’ ಎಂದು ಸಿಸ್ಟರನ್ನು ಹತ್ತು ಸಲ ಕೇಳಿದರೂ ಉತ್ತರ ಸಿಗದಿರುವುದು ಇದೇ ಕಾರಣಕ್ಕೆ. ಎದೆಯ ಮೇಲಿನ ಗುರುತುಪಟ್ಟಿಯನ್ನು ಓದಬೇಕೆಂಬುದು ನನಗೆ ಹೊಳೆದದ್ದು ಮೂರನೆಯ ದಿನ.

ಮಧ್ಯಾಹ್ನ ನೆಲ ಒರೆಸಲು ಬಂದ ಬಾಂಗ್ಲಾದೇಶದ ಹುಡುಗನಿಗೆ ಕೈ ಕೊಟ್ಟು ಎಬ್ಬಿಸೆಂದೆ. ‘ನಹೀ ಭಾಯ್’ ಎಂದು ಹಿಂದೆ ಸರಿದ. ನನಗೆ ಸಿಟ್ಟು ಬಂತು. ಊರಿನಲ್ಲಾದರೆ ವಾರ್ಡ್ ಬಾಯ್ ಹೀಗೆ ಮಾಡುತ್ತಿದ್ದನೇ? ಅವನು ಓಡಿಹೋಗಿ ಸಿಸ್ಟರನ್ನು ಕರೆತಂದ. ಶುಚಿತ್ವದ ಗುತ್ತಿಗೆ ಕಂಪನಿಯ ನೌಕರ ರೋಗಿಯನ್ನು ಮುಟ್ಟುವಂತಿಲ್ಲ, ನಾನು ಜಾರಿ ಬಿದ್ದಿದ್ದರೆ ಅವನ ಅನ್ನಕ್ಕೇ ಕುತ್ತು ಎಂದು ಆಕೆ ತಿಳಿಸಿದರು. ಈ ದೇಶದ ಖಾಸಗಿ ವಲಯಕ್ಕೆ 2017ರಲ್ಲಿ ಗೊತ್ತುಮಾಡಿದ ಕನಿಷ್ಠ ವೇತನ ತಿಂಗಳಿಗೆ 75 ದಿನಾರ್. ಅವನ ಸಂಬಳ ಎಷ್ಟೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ರಾತ್ರಿ ಪಾಳಿಗೆ ಬಂದ ಸಿಸ್ಟರ್ ನನ್ನ ಕೈಪಟ್ಟಿ ನೋಡಿ ಹೆಸರು ಕೇಳಿದರು. ಅಂದಿನ ಮಟ್ಟಿಗೆ ಅದು ಏಳನೆಯ ಬಾರಿ. ‘ಅದರಲ್ಲೇ ಬರೆದಿದೆಯಲ್ಲ’ ಎಂದು ಕನ್ನಡದಲ್ಲೇ ಗೊಣಗಿದೆ. ಆಕೆ ನಕ್ಕರು. ‘ಬರೆದದ್ದು ನನಗೆ ಕಾಣ್ತದೆ ಅಂಕಲ್. ನೀವು ಹೇಳಿದ್ದು ಅದಕ್ಕೆ ಸರಿ ಹೊಂದ್ತದಾ ಅಂತ ನೋಡುವುದು.’ ಸುಳ್ಯದ ಕಡೆಯವರು! ಕಣ್ಣು ತುಂಬಿ ಬಂತು. ಮುಂದಿನ ಪ್ರಶ್ನೆ: ‘ಊರಿಂದ ತಂದ ಮಾತ್ರೆ ಏನಾದ್ರೂ ಉಂಟಾ?’

ಹೇಳಿದೆ. ಆಕೆಯ ನಗು ಮಾಯವಾಯಿತು. ಕಡತ ತಿರುವಿದರು; ಅದರಲ್ಲಿ ಅದರ ಸುಳಿವೇ ಇರಲಿಲ್ಲ. ಹೊರಗೆ ಹೋಗಿ ಫೋನಿನಲ್ಲಿ ಯಾರೊಡನೆಯೋ ಅರಬ್ಬಿಯಲ್ಲಿ ಮಾತನಾಡಿದರು. ಕಾಲು ಗಂಟೆಯೊಳಗೆ ಅದೇ ರಿಜಿಸ್ಟ್ರಾರ್ ಬಂದು ನಿಂತರು. ಆ ಮಾತ್ರೆ ದೇಹದಲ್ಲಿರುವಾಗ ಕತ್ತರಿ ಹಾಕಿದರೆ ರಕ್ತಸ್ರಾವ ನಿಲ್ಲಿಸುವುದು ಕಷ್ಟ. ಶಸ್ತ್ರಚಿಕಿತ್ಸೆಯನ್ನು ಐದು ದಿನ ಮುಂದೂಡಿ, ಅಲ್ಲಿಯವರೆಗೆ ಆ್ಯಂಟಿಬಯೋಟಿಕ್ ಹಾಕುವುದೆಂದು ತೀರ್ಮಾನವಾಯಿತು. ಅವರು ನನ್ನನ್ನು ಗದರಲಿಲ್ಲ. ಗದರಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಆ ಐದು ರಾತ್ರಿಗಳಲ್ಲಿ ಸಿಸ್ಟರ್ ಬಿಡುವಿದ್ದಾಗ ತಮ್ಮ ಕಥೆಯನ್ನೂ ಹೇಳಿದರು. ಇಲ್ಲಿಗೆ ಬರಲು ದಲ್ಲಾಳಿಗೆ ಕೊಟ್ಟ ಲಕ್ಷಗಟ್ಟಲೆ ಸಾಲವನ್ನು ತೀರಿಸಲು ಅವರಿಗೆ ಮೂರು ವರ್ಷ ಹಿಡಿಯಿತಂತೆ. ಇಂಥ ವಸೂಲಿಯನ್ನು ತಡೆಯಲೆಂದೇ 2015ರಲ್ಲಿ ಭಾರತ ಸರ್ಕಾರ ಕುವೈತೂ ಸೇರಿದಂತೆ ಇಸಿಆರ್ ದೇಶಗಳಿಗೆ ದಾದಿಯರ ನೇಮಕಾತಿ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗಬೇಕೆಂದು ನಿಯಮ ಮಾಡಿತು. ಊರಿನಲ್ಲಿ ನರ್ಸಿಂಗ್ ಓದುತ್ತಿರುವ ಮಕ್ಕಳ ತಂದೆತಾಯಿಯರು ಹಣದ ಚೀಲ ಬಿಚ್ಚುವ ಮೊದಲು ಇದನ್ನು ವಿಚಾರಿಸಿಕೊಳ್ಳಲಿ. ಸಿಸ್ಟರಿನ ಮಗಳು ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದಾಳೆ. ನನಗೆ ಮಧ್ಯರಾತ್ರಿ ನೀರು ಕುಡಿಸುತ್ತಿದ್ದ ಕೈಗೆ ಆ ಮಗುವಿಗೆ ಜಡೆ ಹಾಕುವ ಯೋಗ ವರ್ಷಕ್ಕೊಂದು ತಿಂಗಳು.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು. ಬಿಡುಗಡೆಯ ದಿನ ಆ ಬಾಂಗ್ಲಾ ಹುಡುಗ ದೂರದಿಂದಲೇ ಕೈ ಬೀಸಿದ. ಈಗ ನನ್ನ ಬತಾಕಾದ ಹಿಂದೆ ಒಂದು ಚೀಟಿ ಇದೆ. ಅದರಲ್ಲಿ ಮಾತ್ರೆಯ ಹೆಸರು, ಪ್ರಮಾಣ, ಯಾಕಾಗಿ ಎಂಬುದು ಇಂಗ್ಲಿಷಿನಲ್ಲಿದೆ. ಅರಬ್ಬಿಯಲ್ಲಿ ಬರೆದುಕೊಟ್ಟವರು ಸಿಸ್ಟರ್. ಅದೇ ಚೀಟಿಯ ಪ್ರತಿಯೊಂದು ಪುತ್ತೂರಿನ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿದೆ.