ಮರುಭೂಮಿಯಲ್ಲಿ ಕಳೆ ಕೀಳುವವರು

ಹೊಲದಲ್ಲಿ ಕಳೆ ಹಬ್ಬಿದರೆ ಬೆಳೆಗೆ ಕೇಡೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಯಾರೂ ಉತ್ತು ಬಿತ್ತದ ಮರುಭೂಮಿಗೆ ಜನರು ತಾವಾಗಿಯೇ ಹೋಗಿ, ಕೂಲಿಯಿಲ್ಲದೆ ಕಳೆ ಕೀಳುವರೆಂದರೆ ಅಚ್ಚರಿಯೆನಿಸೀತು. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದ ಬಳಿ ಈ ಕಾರ್ಯವು ನಡೆಯುತ್ತಿದೆ.

ಆ ನಗರದ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಭಾಗವಾಗಿ ಸವಾರೋ ರಾಷ್ಟ್ರೀಯ ಉದ್ಯಾನವಿದೆ. ಮೊದಲು 1933ರಲ್ಲಿ ರಕ್ಷಿತ ಪ್ರದೇಶವಾದ ಇದಕ್ಕೆ 1994ರಲ್ಲಿ ರಾಷ್ಟ್ರೀಯ ಉದ್ಯಾನವೆಂಬ ಸ್ಥಾನ ದೊರೆಯಿತು. ಸವಾರೋ ಎಂಬುದು ಕಂಬದಂತೆ ನೆಟ್ಟಗೆ ನಿಲ್ಲುವ ಭಾರಿ ಕಳ್ಳಿ. ಮೊದಲ 8 ವರ್ಷಗಳಲ್ಲಿ ಅದು ಬೆಳೆಯುವುದು ಸುಮಾರು ಒಂದೂವರೆ ಅಂಗುಲ ಮಾತ್ರ. ಮೊದಲ ಕೊಂಬೆ ಮೂಡಲು ಅನೇಕ ವೇಳೆ 50ರಿಂದ 75 ವರ್ಷಗಳು ಬೇಕು. ಮರಕುಟಿಗವು ಅದರ ಕಾಂಡದಲ್ಲಿ ಪೊಟರೆ ಕೊರೆಯುತ್ತದೆ. ಅದು ಬಿಟ್ಟುಹೋದ ಪೊಟರೆಯಲ್ಲಿ ಪುಟ್ಟ ಗೂಬೆ ಸಂಸಾರ ಹೂಡುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಟೊಹೊನೊ ಓಡಮ್ ಜನರು ಬೇಸಗೆಯಲ್ಲಿ ಅದರ ಹಣ್ಣುಗಳನ್ನು ಕೊಯ್ದು ಪಾಕ ಕಾಯಿಸುತ್ತಾರೆ.

ಇಂತಹ ಕಳ್ಳಿಗೆ ಕಂಟಕವಾಗಿರುವುದು ಬಫೆಲ್ ಎಂಬ ಹುಲ್ಲು. ದನಗಳಿಗೆ ಮೇವಾಗಲೆಂದು, ಮಣ್ಣು ಕೊಚ್ಚಿಹೋಗದಿರಲೆಂದು 1930ರ ದಶಕದಲ್ಲಿ ಅದನ್ನು ಅಲ್ಲಿ ತಂದು ಬೆಳೆಸಿದರು. ಮರುಭೂಮಿಯ ಗಿಡಗಳು ಒಂದಕ್ಕೊಂದು ದೂರದಲ್ಲಿ ನಿಲ್ಲುತ್ತವೆ; ನಡುವೆ ಬರಿಯ ನೆಲ. ಆದುದರಿಂದ ಸಿಡಿಲು ಬಡಿದು ಒಂದು ಗಿಡ ಹೊತ್ತಿಕೊಂಡರೂ ಬೆಂಕಿಯು ಸಾಮಾನ್ಯವಾಗಿ ಬಹುದೂರ ಹರಿಯದು. ಈ ಹುಲ್ಲಾದರೋ ಆ ಬರಿಯ ನೆಲವನ್ನೆಲ್ಲ ತುಂಬಿ, ಒಣಗಿ, ಬೆಂಕಿಗೆ ಹಾದಿಯಾಗುತ್ತದೆ. ಬೆಂಕಿ ಬಿದ್ದರೆ ನೂರು ವರ್ಷದ ಸವಾರೋ ಸಾಯುತ್ತದೆ; ಹುಲ್ಲು ಮಾತ್ರ ಬೇರಿನಿಂದ ಮರಳಿ ಚಿಗುರುತ್ತದೆ. ಹೀಗೆ ಒಂದೊಂದು ಬೆಂಕಿಯೂ ಹುಲ್ಲಿನ ರಾಜ್ಯವನ್ನು ಹಿಗ್ಗಿಸುತ್ತದೆ.

ಉದ್ಯಾನದ ಪಶ್ಚಿಮ ಭಾಗದ ನೆರೆಯಲ್ಲಿರುವ ಟೂಸಾನ್ ಮೌಂಟನ್ ಪಾರ್ಕಿನಲ್ಲಿ 2000ದಿಂದ ಸ್ವಯಂಸೇವಕರ ತಂಡವೊಂದು ಈ ಹುಲ್ಲನ್ನು ಕೀಳುತ್ತ ಬಂದಿದೆ. ರಾಷ್ಟ್ರೀಯ ಉದ್ಯಾನದಲ್ಲಿಯೂ ಸ್ವಯಂಸೇವಕರು ದುಡಿಯುತ್ತಾರೆ. ಕೆಲಸದ ಕ್ರಮ ಸರಳ, ಶ್ರಮ ಬಹಳ. ಹಾರೆಯಿಂದ ಬುಡವನ್ನು ಮೀಟಿ, ಬೇರುಸಹಿತ ಕಂತೆಯನ್ನು ಎತ್ತಬೇಕು. ಮೇಲುಭಾಗವನ್ನಷ್ಟೇ ಕೊಯ್ದರೆ ಅದು ಮತ್ತೆ ಚಿಗುರುತ್ತದೆ. ತೆನೆಗಳನ್ನು ಚೀಲಕ್ಕೆ ತುಂಬಬೇಕು, ಇಲ್ಲವಾದರೆ ಬೀಜ ಉದುರುತ್ತದೆ. ಮಣ್ಣಿನಲ್ಲಡಗಿದ ಬೀಜಗಳು ಕೆಲವು ವರ್ಷ ಮೊಳೆಯುತ್ತಲೇ ಇರುವುದರಿಂದ, ಕಿತ್ತ ಸ್ಥಳಕ್ಕೆ ಮತ್ತೆ ಮತ್ತೆ ಹೋಗಲೇಬೇಕು. ಮಳೆಗಾಲದಲ್ಲಿ ಹುಲ್ಲು ಹಸಿರಾಗಿರುವಾಗ ಕಳೆನಾಶಕವನ್ನು ಸಿಂಪಡಿಸುವುದೂ ಉಂಟು. ಆದರೂ ಕಡಿದಾದ ಇಳಿಜಾರುಗಳು ಇನ್ನೂ ಕಠಿನ ಸಮಸ್ಯೆಯಾಗಿಯೇ ಉಳಿದಿವೆ.

ಹಾಗಾದರೆ ಈ ಹುಲ್ಲು ದುಷ್ಟವೇ? ಅಲ್ಲ. ಆಫ್ರಿಕ, ಅರೇಬಿಯಗಳಂತೆ ನಮ್ಮ ಭಾರತವೂ ಅದರ ತವರು. ರಾಜಸ್ಥಾನದ ಒಣನೆಲದಲ್ಲಿ ಅದೇ ಹುಲ್ಲು ಅಂಜನ್ ಎಂಬ ಹೆಸರಿನಿಂದ ದನಕರುಗಳಿಗೆ ಉತ್ತಮ ಮೇವಾಗಿದೆ. ಒಂದೆಡೆ ಅನ್ನವಾದುದು ಮತ್ತೊಂದೆಡೆ ಬೆಂಕಿಯಾಯಿತು. ಒಂದು ನಾಡಿನ ಸಸ್ಯವನ್ನು ಇನ್ನೊಂದು ನಾಡಿಗೆ ಒಯ್ಯುವ ಮುನ್ನ ಅಲ್ಲಿನ ನೆಲದ ಸ್ವಭಾವವನ್ನು ಅರಿಯಬೇಕೆಂಬುದನ್ನು ಇದರಿಂದ ನಾವು ತಿಳಿಯುತ್ತೇವೆ. ಇಂದು ಆ ಬೆಟ್ಟಗಳಲ್ಲಿ ಹಾರೆ ಹಿಡಿದವರು ತಾವು ಉಳಿಸಿದ ಎಳೆಯ ಸವಾರೋ ಕೊಂಬೆಯೊಡೆಯುವುದನ್ನು ಕಾಣಲಾರರು. ಅದನ್ನು ಕಾಣುವವರು ಅವರ ಮೊಮ್ಮಕ್ಕಳು.