1870ಕ್ಕೆ ನಿಂತುಹೋದ ವಂಶವೃಕ್ಷ



ಇಲ್ಲಿ ಮನೆ ಕೊಂಡವರಿಗೆಲ್ಲ ಕೌಂಟಿಯ ರಿಜಿಸ್ಟರ್ ಆಫ್ ಡೀಡ್ಸ್ ಆಫೀಸು ಗೊತ್ತಿರುತ್ತದೆ. ನಮ್ಮೂರಿನ ಸಬ್-ರಿಜಿಸ್ಟ್ರಾರ್ ಕಚೇರಿ ಇದ್ದ ಹಾಗೆ, ನೂಕುನುಗ್ಗಲು ಮಾತ್ರ ಇಲ್ಲ. ನಮ್ಮ ನಾರ್ತ್ ಕೆರೊಲಿನಾದಲ್ಲಿ ಅಲ್ಲಿನ ಹಳೆಯ ಪುಸ್ತಕಗಳಲ್ಲಿ ಜಮೀನಿನ ಕ್ರಯಪತ್ರಗಳ ಮಧ್ಯೆ ಮನುಷ್ಯರ ಕ್ರಯಪತ್ರಗಳೂ ಇವೆ. ಇದು ನನಗೆ ತಿಳಿದದ್ದು ಆಫೀಸಿನಲ್ಲಿ ಊಟ ಮಾಡುವಾಗ.

ತಾತನ ಶ್ರಾದ್ಧಕ್ಕೆ ಅರ್ಧ ದಿನ ರಜ ಹಾಕಿದ್ದೆ. ಪಕ್ಕದ ಕ್ಯೂಬಿನಲ್ಲಿ ಕೂರುವ ಆಫ್ರಿಕನ್-ಅಮೆರಿಕನ್ ಸಹೋದ್ಯೋಗಿ, ನನಗಿಂತ ಇಪ್ಪತ್ತು ವರ್ಷ ಹಿರಿಯರು, ಏನು ಮಾಡುತ್ತೀರಿ ಅಂದರು. ಮೂರು ತಲೆಮಾರಿನ ಹೆಸರು ಹೇಳಬೇಕು ಅಂದೆ. "ನಮ್ಮದು 1870ಕ್ಕೆ ನಿಂತುಹೋಗುತ್ತದೆ" ಅಂದರು.

1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗೆ ಬೇರೆಯೇ ಪಟ್ಟಿ. ಒಡೆಯನ ಹೆಸರು, ಅದರ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಅವರ ಹೆಸರು ಬಹುಮಟ್ಟಿಗೆ ಇಲ್ಲವೇ ಇಲ್ಲ. ಆದರೆ ಮಾರುವಾಗ, ಅಡವಿಡುವಾಗ, ಮಗಳಿಗೆ ದಾನಪತ್ರ ಬರೆಯುವಾಗ, ಸತ್ತ ಮೇಲೆ ಪಾಲು ಮಾಡುವಾಗ ಯಾರು ಯಾರಿಗೆ ಅಂತ ಬರೆಯಲೇಬೇಕಲ್ಲ! ಗಣತಿಯಲ್ಲಿ ಕಾಣದ ಹೆಸರು ಆಸ್ತಿಯ ಕಾಗದದಲ್ಲಿ ಕಾಣುತ್ತದೆ.

ಒಂದು ಶನಿವಾರ ಅವರ ಜೊತೆ ರಾಲಿಯ ರಾಜ್ಯ ಪತ್ರಾಗಾರಕ್ಕೆ ಹೋದೆ. ಮೊದಲು ತೆಗೆದದ್ದು 1866ರ ಪುಸ್ತಕ. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ. ಆ ವರ್ಷ ರಾಜ್ಯವು, ಜೊತೆಗೆ ಬಾಳುತ್ತಿರುವವರು ಬಂದು ನೋಂದಾಯಿಸಿಕೊಳ್ಳಿ ಎಂದು ಕಾನೂನು ಮಾಡಿತು. ಶುಲ್ಕ 25 ಸೆಂಟ್. ಅವರ ಮುತ್ತಾತನ ತಂದೆ ಅಲ್ಲಿದ್ದರು, "1859ರಿಂದ" ಎಂದು ಬರೆಸಿದ್ದರು. ಸಹೋದ್ಯೋಗಿ ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದರು.

ಅದೇ ಉಪನಾಮದ ಒಬ್ಬ ಜಮೀನುದಾರ ಅದೇ ಕೌಂಟಿಯಲ್ಲಿ 1847ರಲ್ಲಿ ತೀರಿಕೊಂಡಿದ್ದ. (ಉಪನಾಮ ಯಾವಾಗಲೂ ಒಡೆಯನದೇ ಆಗಿರುವುದಿಲ್ಲ, ನಮಗೆ ಅದೃಷ್ಟ.) ಅವನ ಆಸ್ತಿಪಟ್ಟಿಯಲ್ಲಿ ಮೇಲೆ ಕುದುರೆಗಳು, ಕೆಳಗೆ ಮೆಕ್ಕೆಜೋಳ, ನಡುವೆ ಒಂಬತ್ತು ವರ್ಷದ ಹುಡುಗ, 300 ಡಾಲರ್. ಎರಡು ಸಾಲಿನ ಕೆಳಗೆ ಕೈಕೂಸಿನ ಜೊತೆ ಒಬ್ಬ ಹೆಂಗಸು. ಆ ಹುಡುಗನ ತಾಯಿಯದೆಂದು ಇವರ ಅಜ್ಜಿ ಹೇಳುತ್ತಿದ್ದ ಹೆಸರೇ! ಪಾಲಿನಲ್ಲಿ ಹುಡುಗ ಮೂರನೇ ಭಾಗಕ್ಕೆ, ಮಗನಿಗೆ. ತಾಯಿ ಮತ್ತು ಕೂಸು ಒಂದನೇ ಭಾಗಕ್ಕೆ, ಪಕ್ಕದ ಕೌಂಟಿಗೆ ಮದುವೆಯಾಗಿ ಹೋದ ಮಗಳಿಗೆ.

ಆಮೇಲೆ ತಾಯಿಯ ಜಾಡು ಸಿಕ್ಕಿಲ್ಲ. ಡೀಡ್ ಪುಸ್ತಕದ ಇಂಡೆಕ್ಸಿನಲ್ಲಿ ಇರುವುದು ಮಾರಿದವನ ಮತ್ತು ಕೊಂಡವನ ಹೆಸರು ಮಾತ್ರ. ಮಾರಾಟವಾದವರ ಹೆಸರಿಗೆ ಇಂಡೆಕ್ಸೇ ಇಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪೂರ್ತಿ ಟೇಬಲ್ ಸ್ಕ್ಯಾನ್. ಒಂದೊಂದು ಪುಟವನ್ನೂ ಓದಬೇಕು, ಅದೂ ಶಾಯಿ ಹರಡಿದ ಕೂಡಕ್ಷರ. ಆಶ್‌ವಿಲ್ ಇರುವ ಬಂಕಂಬ್ ಕೌಂಟಿಯವರು ಇಂಥ ಪತ್ರಗಳನ್ನು ಹುಡುಕಿ ಜಾಲತಾಣಕ್ಕೆ ಹಾಕಿದ್ದಾರೆ. ಗ್ರೀನ್ಸ್‌ಬರೊ ವಿಶ್ವವಿದ್ಯಾಲಯದವರೂ ಬೇರೆ ಬೇರೆ ಕೌಂಟಿಗಳ ಪತ್ರಗಳನ್ನು ಸೇರಿಸುತ್ತಾ ಬಂದಿದ್ದಾರೆ. ಅಲ್ಲಿ ಗುಲಾಮರ ಹೆಸರಿನಿಂದಲೇ ಹುಡುಕಬಹುದು. ಇವರಿಗೆ ಬೇಕಾದ ಹೆಸರು ಅಲ್ಲಿ ಇನ್ನೂ ಸಿಕ್ಕಿಲ್ಲ.

ಬರುವ ಶನಿವಾರ ಪಕ್ಕದ ಕೌಂಟಿಗೆ ಹೊರಟಿದ್ದೇವೆ. 1847ರಿಂದ 1865ರವರೆಗಿನ ಪುಸ್ತಕಗಳು ಬಾಕಿ ಇವೆ. ಡ್ರೈವಿಂಗ್ ನನ್ನದು, ಬುತ್ತಿಗೆ ಚಿತ್ರಾನ್ನ.